ಹಿಟ್ಟಿನ ಕೋಳಿ ಮತ್ತು ಅಂಗೈಯ ಆಟ

ಆಟವೆಂಬುದು ಬಾಲ್ಯದ ಸಹಜಧರ್ಮ. ಆಡದ ಮಗುವನ್ನು ಕಂಡರೆ ತಾಯಿ ಹಣೆ ಮುಟ್ಟಿ ನೋಡುತ್ತಾಳೆ. ಆದರೂ ಯಾವ ಆಟ, ಎಷ್ಟು ಹೊತ್ತು, ಯಾವ ಭಾವದಿಂದ ಎಂಬ ವಿಚಾರದಲ್ಲಿ ಶ್ರಾವಕಾಚಾರವು ಎಂದೂ ಉದಾಸೀನವಾಗಿರಲಿಲ್ಲ. ಸಪ್ತವ್ಯಸನಗಳನ್ನು ಎಣಿಸುವಾಗ ಪೂರ್ವಾಚಾರ್ಯರು ದ್ಯೂತವನ್ನೇ ಮೊದಲು ಹೇಳಿದರು. ಹಾಗೆಂದು ಆಟವೆಲ್ಲವೂ ದ್ಯೂತವಲ್ಲ. ಚೌಕಾಬಾರ, ಅಳಗುಳಿಮಣೆ, ಹುಲಿ-ಕುರಿಗಳನ್ನು ಮನೆಯ ಹಿರಿಯರೇ ಮಕ್ಕಳಿಗೆ ಕಲಿಸಿದರು. ಇಂದು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಅನೇಕ ಮನೆಗಳಲ್ಲಿ ಆ ಮಣೆಗಳ ಸ್ಥಾನವನ್ನು ಮೊಬೈಲಿನ ವಿಡಿಯೋ ಗೇಮು ಹಿಡಿದಿದೆ. ಇದು ಮಗುವಿನ ಓದನ್ನು ಕೆಡಿಸುತ್ತದೆಯೇ ಎಂದು ಪಾಲಕರು ಕೇಳುತ್ತಾರೆ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಆಡುತ್ತಿರುವಾಗ ಆ ಮಗು ತನ್ನನ್ನು ತಾನು ಯಾರೆಂದು ತಿಳಿದಿರುತ್ತದೆ?

ಹೊಸದೊಂದು ಎಳೆಯರ ಮನಸ್ಸನ್ನು ಸೆಳೆದಾಗಲೆಲ್ಲ ಹಿರಿಯರು ಬೆಚ್ಚಿದ್ದುಂಟು. ಕಾದಂಬರಿ ಓದುವುದನ್ನೂ ಚಟವೆಂದು ಬಗೆದ ಮನೆಗಳಿದ್ದವು. ಹಾವೇರಿ ಸೀಮೆಯ ಗಳಗನಾಥರು (1869–1942) ಮಾಸ್ತರಿಕೆ ಮಾಡುತ್ತಲೇ ಕಾದಂಬರಿಗಳನ್ನು ಬರೆದು, ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿ, ಕನ್ನಡಕ್ಕೆ ಓದುಗರನ್ನು ಸಂಪಾದಿಸಿಕೊಟ್ಟರು. ಆ ಓದಿನಿಂದ ಯಾರ ಮನೆಯೂ ಹಾಳಾಗಲಿಲ್ಲ. ಆದುದರಿಂದ ಹೊಸದು ಎಂಬ ಒಂದೇ ಕಾರಣಕ್ಕೆ ವಿಡಿಯೋ ಗೇಮನ್ನು ದೂಷಿಸುವುದು ನ್ಯಾಯವಲ್ಲ.

ಆದರೆ ಕಾದಂಬರಿಗೂ ಈ ಆಟಕ್ಕೂ ಒಂದು ಮುಖ್ಯವಾದ ಭೇದವಿದೆ. ಕರ್ಮವು ಕೃತ, ಕಾರಿತ, ಅನುಮೋದಿತ ಎಂದು ಮೂರು ಬಗೆಯಾಗಿ ಆತ್ಮಕ್ಕೆ ಅಂಟುತ್ತದೆಂದು ಶಾಸ್ತ್ರವು ಹೇಳುತ್ತದೆ. ತಾನೇ ಮಾಡಿದ್ದು, ಮಾಡಿಸಿದ್ದು, ಮಾಡಿದವರನ್ನು ಮೆಚ್ಚಿದ್ದು. ಕಥೆಯೊಳಗಿನ ಕೊಲೆಯನ್ನು ಓದುವವನು ಹೆಚ್ಚೆಂದರೆ ಅನುಮೋದಿಸಿಯಾನು. ವಿಡಿಯೋ ಗೇಮಿನಲ್ಲಿ ಹಾಗಲ್ಲ. ಅಲ್ಲಿ ಪಾತ್ರವು ತಾನಾಗಿ ಏನನ್ನೂ ಮಾಡದು; ಆಡುವವನ ಬೆರಳು ಒತ್ತಿದರೆ ಮಾತ್ರ ಓಡುತ್ತದೆ, ಹೊಡೆಯುತ್ತದೆ, ಬಿದ್ದವನನ್ನು ಎತ್ತುತ್ತದೆ. ಆಡುವವನು ಪ್ರೇಕ್ಷಕನಲ್ಲ, ಕರ್ತೃ. ಅದರ ಆಕರ್ಷಣೆಯೂ ಅಪಾಯವೂ ಈ ಕರ್ತೃತ್ವದಲ್ಲಿಯೇ ಇವೆ.

ಈ ಆಟವು ಇಷ್ಟು ಬೇಗನೆ ಮನೆಯೊಳಗೆ ಬಂದದ್ದಕ್ಕೆ ಕಾರಣವಾದ ವರ್ಷವನ್ನು ಯಾರೂ ಮರೆತಿಲ್ಲ. 2020ರ ಮಾರ್ಚ್‌ನಲ್ಲಿ ಕೊರೋನಾ ನಿಮಿತ್ತ ಶಾಲೆಗಳು ಮುಚ್ಚಿದವು. ಆ ವರ್ಷದ ಆಗಸ್ಟ್‌ನಲ್ಲಿ ಸರಕಾರವು ವಿದ್ಯಾಗಮ ಯೋಜನೆಯನ್ನು ಆರಂಭಿಸಿ, ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಪಾಠವು ಮೊಬೈಲಿಗೆ ಬಂದಿತು. ಅಲ್ಲಿಯವರೆಗೆ ಮಕ್ಕಳ ಕೈಗೆ ಫೋನು ಕೊಡಬಾರದೆಂದಿದ್ದ ತಂದೆತಾಯಿಯರೇ ಪಾಠಕ್ಕಾಗಿ ಅದನ್ನು ಕೊಂಡು ಕೊಟ್ಟರು. ಪಾಠ ಬಂದ ಬಾಗಿಲಿನಿಂದಲೇ ಆಟವೂ ಒಳಗೆ ಬಂದಿತು. ಶಾಲೆ ತೆರೆದ ಮೇಲೆ ಪಾಠ ಶಾಲೆಗೆ ಮರಳಿತು. ಆಟ ಮನೆಯಲ್ಲಿಯೇ ಉಳಿಯಿತು.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿಯಿರುವ ಒಂದು ಶ್ರಾವಕ ಮನೆತನದಲ್ಲಿ ನಡೆದ ಸಂಗತಿ ಇಲ್ಲಿ ವಿಚಾರಣೀಯವಾಗಿದೆ. ಆ ಮನೆಯ ಹುಡುಗ 2022ರ ಆರಂಭದಲ್ಲಿ ಎಂಟನೆಯ ತರಗತಿಯಲ್ಲಿದ್ದ. ಶಾಲೆಯಲ್ಲಿ ಅವನು ಮಾತಾಡುವವನಲ್ಲ. ಗಣಿತದಲ್ಲಿ ಎರಡು ಪರೀಕ್ಷೆಗಳಲ್ಲಿ ಅನುತ್ತೀರ್ಣನಾಗಿ, ಕೊನೆಯ ಬೆಂಚಿನಲ್ಲಿ ಕೂಡುತ್ತಿದ್ದ. ಮನೆಯಲ್ಲಿ ಅವನು ಆಡುತ್ತಿದ್ದುದು ನೂರು ಜನರು ಒಂದು ದ್ವೀಪದಲ್ಲಿಳಿದು ಕೊನೆಗೆ ಉಳಿದವರು ಗೆಲ್ಲುವ ಕಾಳಗದ ಆಟ. ಅದರಲ್ಲಿ ನಾಲ್ವರ ತಂಡಕ್ಕೆ ಅವನೇ ನಾಯಕ. ಒಬ್ಬ ಜೊತೆಗಾರ ರಾಣೆಬೆನ್ನೂರಿನವನು, ಇನ್ನೊಬ್ಬ ಹಾವೇರಿಯವನು, ಮತ್ತೊಬ್ಬನ ಊರು ಯಾರಿಗೂ ತಿಳಿಯದು. ಒಂದು ಸಂಜೆ ಅಜ್ಜ ಬಾಗಿಲ ಮರೆಯಲ್ಲಿ ನಿಂತು ಕೇಳಿದರು. ತರಗತಿಯಲ್ಲಿ ಬಾಯಿ ಬಿಡದ ಹುಡುಗ ಇಲ್ಲಿ ಯಾರು ಎಲ್ಲಿ ನಿಲ್ಲಬೇಕೆಂದು ನಿರ್ದೇಶಿಸುತ್ತಿದ್ದ. ತನ್ನಲ್ಲಿದ್ದ ಔಷಧವನ್ನು ಗಾಯಗೊಂಡ ಜೊತೆಗಾರನಿಗೆ ಹಂಚುತ್ತಿದ್ದ. ಎಷ್ಟು ಶೇಕಡಾ ಶಕ್ತಿ ಉಳಿದಿದೆ, ವೃತ್ತ ಕುಗ್ಗಲು ಎಷ್ಟು ಸೆಕೆಂಡು ಇದೆ ಎಂಬ ಲೆಕ್ಕವನ್ನು ಬಾಯಿಯಲ್ಲಿಯೇ ಮಾಡುತ್ತಿದ್ದ. ಶೇಕಡಾ ಲೆಕ್ಕದಲ್ಲಿಯೇ ಅವನು ಪರೀಕ್ಷೆಯಲ್ಲಿ ಸೋತಿದ್ದನೆಂಬುದು ಅಜ್ಜನಿಗೆ ಗೊತ್ತಿತ್ತು.

ಇದೇಕೆ ಹೀಗೆ? ಅಮೆರಿಕದ ಭಾಷಾವಿಜ್ಞಾನಿ ಜೇಮ್ಸ್ ಪಾಲ್ ಜೀ ಎಂಬವರು ತಮ್ಮ ಚಿಕ್ಕ ಮಗನ ಆಟವನ್ನು ಕಂಡು ಕುತೂಹಲಗೊಂಡು, ತಾವೂ ಆಡಿ ನೋಡಿ, 2003ರಲ್ಲಿ ವಿಡಿಯೋ ಗೇಮು ಮತ್ತು ಕಲಿಕೆಯನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದರು. ಒಳ್ಳೆಯ ಆಟದಲ್ಲಿ ಅಡಗಿರುವ 36 ಕಲಿಕೆಯ ತತ್ತ್ವಗಳನ್ನು ಅವರು ಅದರಲ್ಲಿ ಎಣಿಸಿದ್ದಾರೆ. ಅವುಗಳ ನಡುವೆ ಮುಖ್ಯವಾದುದು ವ್ಯಕ್ತಿತ್ವವನ್ನು ಕುರಿತ ವಿಚಾರ. ಆಡುವಾಗ ಮೂರು ವ್ಯಕ್ತಿತ್ವಗಳಿರುತ್ತವೆ. ಒಂದು, ಮನೆಯಲ್ಲಿ ಕುಳಿತಿರುವ ನಿಜವಾದ ಹುಡುಗ. ಇನ್ನೊಂದು, ಪರದೆಯ ಮೇಲಿನ ಪಾತ್ರ. ಮೂರನೆಯದು ಇವೆರಡರ ನಡುವಿನದು. ಈ ಪಾತ್ರವು ಎಂಥವನಾಗಬೇಕು, ಹೇಗೆ ನಡೆದುಕೊಳ್ಳಬೇಕು ಎಂದು ಹುಡುಗನು ಅದರ ಮೇಲೆ ಇಡುವ ತನ್ನ ಆದರ್ಶ. ಈ ಮೂರನೆಯದು ಹುಟ್ಟಿದಾಗ ಕಲಿಕೆ ಆಳಕ್ಕಿಳಿಯುತ್ತದೆ. ವಿಜ್ಞಾನದ ತರಗತಿಯಲ್ಲಿಯೂ ಬಾಲಕನು ತಾನೊಬ್ಬ ವಿಜ್ಞಾನಿಯಾಗಬಲ್ಲೆನೆಂದು ಕ್ಷಣಕಾಲವಾದರೂ ಭಾವಿಸಿದರೆ ಮಾತ್ರ ಪಾಠ ಅವನದಾಗುತ್ತದೆ ಎಂಬುದು ಜೀಯವರ ಅಭಿಪ್ರಾಯ.

ಈ ಮಾತು ಹಾವೇರಿಯ ನೆಲಕ್ಕೆ ಹೊಸದಲ್ಲ. ಇಂದಿನ ಹಾವೇರಿ ಜಿಲ್ಲೆಯ ಬಂಕಾಪುರವು ಒಂದು ಕಾಲಕ್ಕೆ ದೊಡ್ಡ ಜೈನವಿದ್ಯಾಕೇಂದ್ರವಾಗಿತ್ತು. ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಕ್ರಿ.ಶ. 898ರಲ್ಲಿ ಪೂಜೆ ಸಂದದ್ದು ಅಲ್ಲಿಯೇ. ಗಂಗದೊರೆ ಮಾರಸಿಂಹನು ಕ್ರಿ.ಶ. 974ರ ಸುಮಾರಿಗೆ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ಸ್ವೀಕರಿಸಿದ್ದೂ ಅಲ್ಲಿಯೇ. ಅದೇ ಅಜಿತಸೇನರನ್ನು ಮುಧೋಳದ ಬಳೆಗಾರ ಮನೆತನದ ರನ್ನನು ಗುರುವೆಂದು ಸ್ಮರಿಸಿದ್ದಾನೆ. ಬಳೆ ಮಾರುವವರ ಮಗನು ಕವಿಯಾಗಬಲ್ಲನೆಂಬ ರೂಪವನ್ನು ಗುರು ಮೊದಲು ಕಂಡರು. ಆ ರೂಪವನ್ನು ಶಿಷ್ಯನು ತೊಟ್ಟುಕೊಂಡನು. ವಿದ್ಯೆಯೆಂದರೆ ಅಕ್ಷರಗಳನ್ನು ತುಂಬುವುದಷ್ಟೇ ಅಲ್ಲ, ಶಿಷ್ಯನಿಗೆ ಬೆಳೆಯಲು ಒಂದು ರೂಪವನ್ನು ಕೊಡುವುದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಬ್ಯಾಡಗಿಯ ಹುಡುಗನಿಗೆ ಶಾಲೆಯು ಕೊಟ್ಟಿದ್ದ ರೂಪ ಯಾವುದು? ಹಾಜರಿ ಪುಸ್ತಕದ ಒಂದು ಸಂಖ್ಯೆ, ಕೆಂಪು ಶಾಯಿಯ ಎರಡು ಅಂಕ. ಆಟವು ಅವನಿಗೆ ನಾಯಕತ್ವವನ್ನು ಕೊಟ್ಟಿತು. ಅವನು ಎತ್ತ ಒಲಿದನೆಂಬುದರಲ್ಲಿ ಆಶ್ಚರ್ಯವಿಲ್ಲ.

ಆಟದ ಮೂಲಕ ಕಲಿಸುವ ವಿದ್ಯೆಯನ್ನು ಜೈನಸಮಾಜ ಬಹಳ ಹಿಂದೆಯೇ ಬಲ್ಲುದು. ಗುಜರಾತ, ರಾಜಸ್ಥಾನಗಳ ಜೈನ ಮನೆಗಳಲ್ಲಿ ಜ್ಞಾನಬಾಜಿ ಎಂಬ ಪಟವಿತ್ತು. ಇಂದಿನ ಹಾವು-ಏಣಿ ಆಟದ ಹಿರಿಯಕ್ಕ ಅದು. ಜೈನರ ಪಟಗಳಲ್ಲಿ ಸಾಮಾನ್ಯವಾಗಿ 84 ಮನೆಗಳು. ಒಂದೊಂದು ಮನೆಗೂ ಒಂದು ಗುಣ, ದೋಷ, ಗತಿ ಅಥವಾ ಲೋಕದ ಹೆಸರು. ಎಲ್ಲಕ್ಕೂ ಮೇಲೆ ಸಿದ್ಧಶಿಲೆ. ಪರ್ಯುಷಣದ ದಿನಗಳಲ್ಲಿ ಅದನ್ನು ಆಡುತ್ತಿದ್ದರು. ದೋಷದ ಮನೆಯಲ್ಲಿ ಕಾಯಿ ನಿಂತರೆ ಹಾವು ಕೆಳಗೆಳೆಯುತ್ತಿತ್ತು. ದಾಳ ಯಾರ ಮಾತನ್ನೂ ಕೇಳುವುದಿಲ್ಲ, ನಿಜ. ಆದರೆ ಬಿದ್ದ ಮನೆಯ ಹೆಸರು ಮಗುವಿನ ಮನಸ್ಸಿನಲ್ಲಿ ಉಳಿಯುತ್ತಿತ್ತು. ಈ ಪಟವು 19ನೆಯ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲೆಂಡಿನಲ್ಲಿ ಮಕ್ಕಳ ಆಟವಾಯಿತು. ಕಾಲಕ್ರಮೇಣ ಮನೆಗಳ ಹೆಸರುಗಳು ಅಳಿಸಿ ಬರಿಯ ಅಂಕೆಗಳು ಉಳಿದವು. ಹಾವು ಇದೆ, ಏಣಿ ಇದೆ. ಏತಕ್ಕಾಗಿ ಬಿದ್ದೆ, ಏತಕ್ಕಾಗಿ ಏರಿದೆ ಎಂಬುದು ಇಲ್ಲ. ಇಂದಿನ ಬಹುತೇಕ ಆಟಗಳ ಕೊರತೆಯೂ ಇದೇ.

ಇನ್ನು ಹಿಂಸೆಯ ವಿಚಾರ. ಚಿತ್ರವನ್ನು ಕೊಂದರೆ ಯಾವ ಜೀವ ಹೋಯಿತು ಎಂದು ಮಕ್ಕಳು ಕೇಳುತ್ತಾರೆ. ಕನ್ನಡದ ಜೈನ ಓದುಗರಿಗೆ ಈ ಪ್ರಶ್ನೆ ಹೊಸದಲ್ಲ. 1209ರಲ್ಲಿ ಜನ್ನನು ರಚಿಸಿದ ಯಶೋಧರ ಚರಿತೆಯ ಹೃದಯವೇ ಅದು. ಯಶೋಧರ ಮಹಾರಾಜನು ಜೀವಬಲಿಗೆ ಒಪ್ಪಲಿಲ್ಲ. ತಾಯಿಯ ಒತ್ತಾಯಕ್ಕೆ ಕಟ್ಟುಬಿದ್ದು ಹಿಟ್ಟಿನ ಕೋಳಿಯನ್ನು ದೇವಿಗೆ ಕಡಿದನು. ಅದು ಕೂಗಿತು. ಹಿಟ್ಟನ್ನು ಕಡಿದ ಕತ್ತಿಗೆ ರಕ್ತ ಹತ್ತಲಿಲ್ಲ. ಆದರೂ ಸಂಕಲ್ಪ ಹಿಂಸೆಯ ಫಲವಾಗಿ ತಾಯಿ ಮಗ ಇಬ್ಬರೂ ನವಿಲು, ನಾಯಿ ಮೊದಲಾದ ಜನ್ಮಗಳಲ್ಲಿ ತೊಳಲಿ, ಕೊನೆಗೆ ಅಭಯರುಚಿ, ಅಭಯಮತಿಯರಾಗಿ ಹುಟ್ಟಿ ಬೆಳಕನ್ನು ಕಂಡರು. ಪ್ರತಿಮೆಯ ಮೇಲೆ ನಡೆದ ಕೊಲೆಯೂ ಕೊಲೆಯಾಗಬಹುದೆಂದು ಎಂಟು ಶತಮಾನಗಳ ಹಿಂದೆಯೇ ಕನ್ನಡ ಕವಿ ಹೇಳಿದ್ದಾನೆ.

ಆದರೆ ಇಲ್ಲಿ ವಿವೇಕ ಬೇಕು. ಗುಂಡಿ ಒತ್ತಿದ ಪ್ರತಿ ಮಗುವೂ ಯಶೋಧರನಲ್ಲ. ಯಶೋಧರನು ಆ ಹಿಟ್ಟನ್ನು ಜೀವವೆಂದೇ ಭಾವಿಸಿ, ಅದರಿಂದ ಫಲವನ್ನು ಬಯಸಿ ಕಡಿದನು. ದೋಷವಿದ್ದುದು ಹಿಟ್ಟಿನಲ್ಲಲ್ಲ, ಆ ಭಾವದಲ್ಲಿ. ಉಮಾಸ್ವಾಮಿಗಳೂ ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನು ಮುಂದಿಟ್ಟಿದ್ದಾರೆ. ಆದುದರಿಂದ ಪರದೆಯನ್ನಲ್ಲ, ಮಗುವನ್ನು ನೋಡಬೇಕು. ಅಳತೆಗೋಲು ಪ್ರತಿ ಶ್ರಾವಕನಿಗೂ ಬಾಯಿಪಾಠವಿರುವ ನಾಲ್ಕು ಕಷಾಯಗಳೇ. ಸೋತಾಗ ತಂಗಿಯ ಮೇಲೆ ಕೈಯೆತ್ತುತ್ತಾನೆಯೇ? ಅದು ಕ್ರೋಧ. ಆಟದ ಪದವಿಯನ್ನು ಹೇಳಿಕೊಂಡು ಬಿದ್ದವನನ್ನು ಹಂಗಿಸುತ್ತಾನೆಯೇ? ಅದು ಮಾನ. ಹೊದಿಕೆಯೊಳಗೆ ಆಡಿ, ಓದುತ್ತಿದ್ದೆನೆನ್ನುತ್ತಾನೆಯೇ? ಅದು ಮಾಯೆ. ಒಳಗೇನಿದೆಯೆಂದು ತಿಳಿಯದ ಪೆಟ್ಟಿಗೆಗೆ ಹಣ ತೆತ್ತು, ಬಾರದಿದ್ದರೆ ಮತ್ತೆ ತೆರುತ್ತಾನೆಯೇ? ಅದು ಲೋಭ, ಅಲ್ಲಿಗೆ ಆಟವು ದ್ಯೂತದ ಹೊಸ್ತಿಲನ್ನು ದಾಟಿತು. ಇದರ ಬದಲು ಬಿದ್ದ ಜೊತೆಗಾರನಿಗಾಗಿ ತನ್ನ ಗೆಲುವನ್ನು ಬಿಟ್ಟುಕೊಡುತ್ತಾನೆಂದರೆ, ಅಲ್ಲಿ ಬೆಳೆಯುತ್ತಿರುವುದು ಬೇರೆಯೇ ಬೀಜ.

ದೋಷವನ್ನು ಮಕ್ಕಳ ತಲೆಗೆ ಮಾತ್ರ ಕಟ್ಟುವಂತೆಯೂ ಇಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಐದು ಬಗೆಯಾಗಿ ಹೇಳಿದ್ದಾರೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಇವುಗಳಲ್ಲಿ ಅಪಧ್ಯಾನ, ಪ್ರಮಾದಚರ್ಯೆಗಳು ಆಡುವವನವು ಎನ್ನೋಣ. ಹಿಂಸಾದಾನ ಯಾರದು? ಹಿಂಸೆಯ ಉಪಕರಣವನ್ನು ಇನ್ನೊಬ್ಬರ ಕೈಗೆ ಕೊಡುವುದೇ ಹಿಂಸಾದಾನ. ಎರಡು ವರ್ಷದ ಕೂಸು ಊಟ ಮಾಡಲೆಂದು, ಮದುವೆಮನೆಯಲ್ಲಿ ಗಲಾಟೆ ಮಾಡದಿರಲೆಂದು, ಅಂಗಡಿಯ ಲೆಕ್ಕ ಮುಗಿಯುವವರೆಗೆ ಸುಮ್ಮನಿರಲೆಂದು, ಯಾವ ಆಟವೆಂದು ನೋಡದೆ ಫೋನನ್ನು ಕೊಟ್ಟ ಕೈ ಹಿರಿಯರದೇ.

ಬ್ಯಾಡಗಿಯ ಮನೆಯಲ್ಲಿ ಸಂಗತಿ ಬಯಲಾದದ್ದು ಲೆಕ್ಕದಿಂದ. ತಂದೆ ಬ್ಯಾಂಕಿನ ವಿವರವನ್ನು ಕಿರ್ದಿಯೊಡನೆ ತಾಳೆ ನೋಡುವಾಗ 4,200 ರೂಪಾಯಿ ಹೊಂದಲಿಲ್ಲ. ಹಲವು ಸಣ್ಣ ಮೊತ್ತಗಳಲ್ಲಿ ಅದು ಆಟದ ಪಾತ್ರದ ಉಡುಪಿಗೂ ಬಂದೂಕಿನ ಬಣ್ಣಕ್ಕೂ ಹೋಗಿತ್ತು. ತಂದೆ ಫೋನನ್ನು ನೆಲಕ್ಕೆ ಬಡಿದರು. ಹುಡುಗ ಎರಡು ದಿನ ಊಟ ಬಿಟ್ಟ, ಮಾತು ಬಿಟ್ಟ. ಹಾವೇರಿಯ ಹಾಸ್ಟೆಲಿಗೆ ಸೇರಿಸಬೇಕೆಂದು ತಂದೆ, ರಾಣೆಬೆನ್ನೂರಿನ ಸೋದರಮಾವನ ಮನೆಯಲ್ಲಿರಲಿ ಎಂದು ತಾಯಿ. ಮನೆಯಿಂದ ದೂರ ಕಳಿಸಿದರೆ ಕಳ್ಳತನದ ಜಾಗ ಬದಲಾದೀತೇ ಹೊರತು ಹುಡುಗ ಬದಲಾಗನೆಂದು ಅಜ್ಜ ತಡೆದರು.

ನಿಷೇಧಕ್ಕೆ ತನ್ನದೇ ಆದ ಮಿತಿಯಿದೆ. 2020ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರಕಾರವು ಪಬ್‌ಜಿ ಆಟವನ್ನು ನಿಷೇಧಿಸಿತು. 2021ರ ಜುಲೈಯಲ್ಲಿ ಅಂಥದೇ ಆಟ ಇನ್ನೊಂದು ಹೆಸರಿನಲ್ಲಿ ಬಂದಿತು. 2021ರ ಅಕ್ಟೋಬರ್‌ನಿಂದ ಕರ್ನಾಟಕವು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ತಡೆಯಲು ಕಾನೂನು ತಂದಿತು. 2022ರ ಫೆಬ್ರುವರಿಯಲ್ಲಿ ಉಚ್ಚ ನ್ಯಾಯಾಲಯವು ಅದರ ಮುಖ್ಯ ಕಲಮುಗಳನ್ನು ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣದ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಚೀನಾ ದೇಶವು 2021ರಲ್ಲಿ ಮಕ್ಕಳ ಆನ್‌ಲೈನ್ ಆಟವನ್ನು ವಾರಾಂತ್ಯ ಮತ್ತು ರಜಾದಿನಗಳಲ್ಲಿ ದಿನಕ್ಕೊಂದು ಗಂಟೆಗೆ ಮಿತಗೊಳಿಸಿತು. ಜೂಜನ್ನು ತಡೆಯಲು ಕಾನೂನು ಅವಶ್ಯ; ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಕಾನೂನು ಆಟವನ್ನು ಕಸಿದುಕೊಳ್ಳಬಲ್ಲುದು, ಹುಡುಗನಿಗೆ ಬೇರೊಂದು ವ್ಯಕ್ತಿತ್ವವನ್ನು ಕೊಡಲಾರದು. ಆ ಕೆಲಸ ವ್ರತದ್ದು. ನಿಷೇಧವನ್ನು ಇನ್ನೊಬ್ಬರು ಹೇರುತ್ತಾರೆ. ವ್ರತವನ್ನು ತಾನೇ ತೊಡುತ್ತಾನೆ. ತೊಟ್ಟ ಕ್ಷಣದಿಂದ ಅವನು ಆಟ ಕಸಿದುಕೊಂಡವರ ಮಗನಲ್ಲ, ವ್ರತಿ.

ಅಜ್ಜ ಮೊಮ್ಮಗನನ್ನು ಒಂದು ಸೋಮವಾರ ಮಾರುಕಟ್ಟೆಗೆ ಕರೆದೊಯ್ದರು. ಮೆಣಸಿನಕಾಯಿಯ ಸುಗ್ಗಿ. ಲಾಟಿನ ಮೇಲೆ ಲಾಟು ಚೀಲಗಳು. ಡಬ್ಬಿ ಒಂದು ಕಡೆ, ಕಡ್ಡಿ ಒಂದು ಕಡೆ. ಖರೀದಿದಾರರು ಕಾಯಿ ಮುರಿದು ಬಣ್ಣವನ್ನೂ ತೇವವನ್ನೂ ನೋಡಿ ಟೆಂಡರ್ ಬರೆಯುತ್ತಿದ್ದರು. ತೂಕ, ದರ, ಹಮಾಲಿಗಳ ಲೆಕ್ಕವನ್ನು ಹುಡುಗನ ಕೈಗೆ ಕೊಟ್ಟು, ತಪ್ಪಿದರೆ ರೈತನಿಗೆ ನಷ್ಟವೆಂದು ಹೇಳಿ ಅಜ್ಜ ದೂರ ನಿಂತರು. ಹುಡುಗ ಎರಡು ಸಲ ತಪ್ಪಿದ, ಮೂರನೆಯ ಸಲ ಹೊಂದಿಸಿದ. ತೇವ ಹೆಚ್ಚಾಗಿದ್ದ ಒಂದು ಲಾಟಿಗೆ ದರ ಬೀಳದೆ ರೈತನೊಬ್ಬ ಚೀಲದ ಮೇಲೆ ಸುಮ್ಮನೆ ಕುಳಿತಿದ್ದ. ಅವನನ್ನು ಬಹಳ ಹೊತ್ತು ನೋಡಿದ ಹುಡುಗ ಕೇಳಿದ: "ಅಜ್ಜಾ, ಇವರಿಗೆ ಮತ್ತ ಮೊದಲಿಂದ ಶುರು ಮಾಡಾಕ ಬರೂದಿಲ್ಲೇನು?"

"ಮುಂದಿನ ವರ್ಷ ಬರತೈತಿ ತಮ್ಮಾ. ಆದ್ರ ಈ ವರ್ಷ ತಿರುಗಿ ಬರಂಗಿಲ್ಲ" ಎಂದರು ಅಜ್ಜ.

ಆ ವರ್ಷದ ದಶಲಕ್ಷಣ ಪರ್ವದಲ್ಲಿ ಹುಡುಗ ತಾನಾಗಿಯೇ ಹತ್ತು ದಿನ ಆಡುವುದಿಲ್ಲವೆಂದು ಬಸದಿಯಲ್ಲಿ ನಿಯಮ ತೆಗೆದುಕೊಂಡ. ನಾಲ್ಕನೆಯ ದಿನ ಅದು ಮುರಿಯಿತು. ಯಾರೂ ನೋಡಿರಲಿಲ್ಲ. ರಾತ್ರಿ ಅವನೇ ಅಜ್ಜನ ಬಳಿ ಬಂದು ಹೇಳಿದ. ಅಜ್ಜ ಬೈಯಲಿಲ್ಲ, ಉಳಿದ ಆರು ದಿನಗಳ ನಿಯಮವನ್ನು ಮತ್ತೆ ಕೊಡಿಸಿದರು. 2024ರಲ್ಲಿ ಅವನು ಎಸ್.ಎಸ್.ಎಲ್.ಸಿ. ಯಲ್ಲಿ ದ್ವಿತೀಯ ದರ್ಜೆಯಲ್ಲಿ ತೇರ್ಗಡೆಯಾದ. ಇಂದಿಗೂ ಅವನು ಆಡುವುದುಂಟು. ಆದರೆ ಆಡಿದ ಹೊತ್ತನ್ನು ಒಂದು ಕಿರ್ದಿಯಲ್ಲಿ ಬರೆದಿಡುತ್ತಾನೆ. ಅದನ್ನು ಯಾರೂ ಕೇಳಿ ನೋಡುವುದಿಲ್ಲ.

ಇದರಿಂದ ಶಾಲೆಗೂ ಒಂದು ಪಾಠವಿದೆ. ಆಟದಲ್ಲಿ ಸೋತವನಿಗೆ ಅವಮಾನವಿಲ್ಲ. ಆದರೆ ಯಾಕೆ ಸೋತೆನೆಂಬ ಪಶ್ಚಾತ್ತಾಪವೂ ಕಡ್ಡಾಯವಲ್ಲ. ಶಾಲೆಯಲ್ಲಿ ಸೋತವನಿಗೆ ಅವಮಾನ ಮಾತ್ರ ಸಿಗುತ್ತದೆ. ಜೈನಾಚಾರದ ಪ್ರತಿಕ್ರಮಣದಲ್ಲಿ ಎರಡೂ ಸರಿಯಾದ ಸ್ಥಾನದಲ್ಲಿವೆ: ದೋಷವನ್ನು ಹೆಸರಿಟ್ಟು ನೋಡುವುದು, ಮತ್ತೆ ಎದ್ದು ನಡೆಯುವುದು. ತಪ್ಪಾದ ಲೆಕ್ಕವನ್ನು ಮತ್ತೊಮ್ಮೆ ಮಾಡಲು ಬಿಡುವ, ಕೊನೆಯ ಬೆಂಚಿನವನಿಗೂ ಒಂದು ಜವಾಬ್ದಾರಿ ಒಪ್ಪಿಸುವ ಮಾಸ್ತರರ ತರಗತಿಯಲ್ಲಿ ಆಟದ ಸೆಳೆತ ತಾನೇ ಸಡಿಲಗೊಳ್ಳುತ್ತದೆ.

ಲೋಕವು ಆಟದಷ್ಟು ಸರಳವಲ್ಲವೆಂದು ತೋರಿಸಲು ದೂರ ಹೋಗಬೇಕಾಗಿಯೂ ಇಲ್ಲ. 1974ರಲ್ಲಿ ಸ್ಥಾಪಿತವಾದ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯಕ್ಕೆ ಮಕ್ಕಳನ್ನು ಕರೆದೊಯ್ಯಬಹುದು. ಪರದೆಯ ಮೇಲೆ ಜಿಂಕೆ ಬರಿಯ ಗುರಿ. ಇಲ್ಲಿ ಅದಕ್ಕೆ ಅಭಯವಿದೆ. ಆದರೆ ಅದೇ ಮೃಗ ಪಕ್ಕದ ಹೊಲದ ಬೆಳೆಯನ್ನು ಮೇಯುತ್ತದೆ, ರೈತನು ನೊಂದುಕೊಳ್ಳುತ್ತಾನೆ. ಇಬ್ಬರ ಪಕ್ಷದಲ್ಲಿಯೂ ನ್ಯಾಯವಿರುವ ಇಂಥ ಸಂದರ್ಭವನ್ನು ಮಗು ಎದುರಿಸಿದಾಗ ಅಹಿಂಸೆಯು ಪುಸ್ತಕದ ಮಾತಾಗಿ ಉಳಿಯುವುದಿಲ್ಲ.

ಕೆಲವು ಮಕ್ಕಳ ವಿಷಯದಲ್ಲಿ ಬುದ್ಧಿಮಾತು ಸಾಲದು ಎಂಬುದನ್ನೂ ಪಾಲಕರು ಅರಿತಿರಬೇಕು. ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಆಟವೇ ಮುಖ್ಯವಾಗುವುದು, ಹಾನಿ ಕಂಡರೂ ಬಿಡಲಾಗದಿರುವುದು, ಇವು ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಉಳಿದರೆ ವಿಶ್ವ ಆರೋಗ್ಯ ಸಂಸ್ಥೆಯು ಅದನ್ನು ವ್ಯಾಧಿಯೆಂದೇ ಪರಿಗಣಿಸುತ್ತದೆ. 2019ರಲ್ಲಿ ಒಪ್ಪಿಗೆ ಪಡೆದ ಈ ವರ್ಗೀಕರಣ 2022ರ ಜನವರಿಯಿಂದ ಜಾರಿಗೆ ಬಂದಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಲ್ಲಿಯೇ ಇಂಥವರಿಗಾಗಿ ಪ್ರತ್ಯೇಕ ಚಿಕಿತ್ಸಾಲಯ ಆರಂಭವಾಯಿತು. ವೈದ್ಯರ ಬಳಿ ಹೋಗುವುದರಲ್ಲಿ ಮನೆತನದ ಮರ್ಯಾದೆ ಹೋಗುವುದಿಲ್ಲ.

ಬಸದಿಗಳ ಟ್ರಸ್ಟುಗಳು ಪಾಠಶಾಲೆಗೆ ಮಕ್ಕಳು ಬರುತ್ತಿಲ್ಲವೆಂದು ಮರುಗುತ್ತವೆ. ಬಂದ ಮಗುವಿಗೆ ಅಲ್ಲಿ ಯಾವ ಸ್ಥಾನವಿದೆ ಎಂಬುದನ್ನೂ ಅವು ವಿಚಾರಿಸಲಿ. ಪಟದ ಮನೆಗಳಿಗೆ ಹೆಸರು ಬರೆದು ಜ್ಞಾನಬಾಜಿಯನ್ನು ಮತ್ತೆ ಹಾಸಬಹುದು. ಪರ್ವದ ಒಂದು ದಿನದ ಖರ್ಚಿನ ಲೆಕ್ಕವನ್ನು ಹತ್ತನೆಯ ತರಗತಿಯ ಮಕ್ಕಳಿಗೇ ಒಪ್ಪಿಸಬಹುದು. ದೇಶಾವಕಾಶಿಕ ವ್ರತದ ರೀತಿಯಲ್ಲಿ, ಇಂತಿಷ್ಟು ಹೊತ್ತು, ಇಂಥ ಜಾಗದಲ್ಲಿ ಮಾತ್ರ ಫೋನು ಎಂಬ ನಿಯಮವನ್ನು ಮಕ್ಕಳ ಜೊತೆಗೆ ತಂದೆತಾಯಿಯರೂ ತೊಡಬಹುದು. ಸಾಮಾಯಿಕದ ಅವಧಿ 48 ನಿಮಿಷ. ಮೇಲೆ ಹೇಳಿದಂಥ ಕಾಳಗದ ಒಂದು ಆಟಕ್ಕೆ ಹಿಡಿಯುವ ಹೊತ್ತು ಸುಮಾರು ಅರ್ಧ ಗಂಟೆ. ಮಗುವಿಗೆ ಏಕಾಗ್ರತೆ ಇಲ್ಲವೆಂದು ಯಾರೂ ಹೇಳಲಾರರು. ಅದನ್ನು ಎಲ್ಲಿ ಇಡಬೇಕೆಂಬುದನ್ನು ತೋರಿಸುವ ಹಿರಿಯರು ಮನೆಯಲ್ಲಿರಬೇಕು, ಮತ್ತು ಆ ಹೊತ್ತಿಗೆ ಅವರ ಕೈಯೂ ಬರಿದಾಗಿರಬೇಕು.